ಕಡೇಚೂರಿನ ಕಹಿ ಬಿಯರ್

ಫೆಬ್ರುವರಿ 11ರ ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದಳು. ದೇವಾಪುರದಿಂದ ಸುರಪುರ, ಅಲ್ಲಿಂದ ಶಹಾಪುರ, ಯಾದಗಿರಿ ಎಂದು ಬಸ್ಸು ಬದಲಿಸಿ ಬಂದಿದ್ದಳು. ಹೆಸರು ಗುರುದೇವಿ. ಮೂರು ದಿನದ ಹಿಂದೆ ಕಡೇಚೂರಿನ ಬಿಳಿಜೋಳ ಬ್ರೂವರಿಯ ಬಿಯರ್ ಟಾಕಿಯೊಳಗೆ ಸತ್ತ ಬಸವನ ಹೆಂಡತಿ.

"ಸತ್ತಾನಂತ ದೂರು ಕೊಡಾಕ ಬಂದಿಲ್ರಿ. ಕುಡುದು ಸತ್ತಾನಂತ ಬರದೀರಲ್ಲ, ಅದಕ್ಕ ಬಂದೀನಿ."

ಪಿಎಸ್‌ಐ ಅರ್ಜುಮಂದ ರಜೆ ಮುಗಿಸಿ ಅಂದೇ ಕೆಲಸಕ್ಕೆ ಹಾಜರಾಗಿದ್ದಳು. ಕಡತ ತರಿಸಿದಳು. ಅಸ್ವಾಭಾವಿಕ ಮರಣ ಪ್ರಕರಣ. 'ಮೃತನು ಮದ್ಯ ಸೇವಿಸಿ ಟಾಕಿ ತೊಳೆಯಲು ಇಳಿದು ಪ್ರಜ್ಞೆ ತಪ್ಪಿ' ಎಂದು ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡಿದ್ದರು.

"ಅಲ್ಲಿ ಏನ್ ಕೆಲಸ ಮಾಡ್ತಿದ್ದ?"

"ಟಾಕಿ ತೊಳಿಯೋದು. ಬಿಯರ್ ರುಚಿ ನೋಡೋದು."

ಬಾಯಲ್ಲಿ ತಂಬಾಕು ಇಟ್ಟುಕೊಂಡಿದ್ದ ಹೆಡ್ ಕಾನ್‌ಸ್ಟೆಬಲ್ ವಿಶ್ವರಾಧ್ಯ ನಕ್ಕುಬಿಟ್ಟ. "ರುಚಿ ನೋಡವಾ ಕುಡೀತಿದ್ದಿಲ್ಲಂದ್ರ ಹೆಂಗ ನಂಬೋದವ್ವ?"

"ಬಾಯಾಗ ಹಾಕ್ಕೊಂಡು ಉಗುಳ್ತಿದ್ದರಿ. ನಿಮ್ಮ ತಂಬಾಕ ನೀವು ನುಂಗ್ತೀರೇನು?"

ವಿಶ್ವರಾಧ್ಯನ ನಗು ಗಪ್ಪಾಯಿತು. ಎದ್ದು ಹೊರಗೆ ಹೋಗಿ ಉಗುಳಿ ಬಂದ.

ಗುರುದೇವಿ ಹೇಳಿದ್ದಿಷ್ಟು. ಅವಳ ಮಾವ ಕುಡಿದು ಕುಡಿದೇ ಸತ್ತವನು. ಮಗನಿಗೆ ಬ್ರೂವರಿಯ ನೌಕರಿ ಸಿಕ್ಕಾಗ ತಾಯಿ ಪಾರ್ವತಿಬಾಯಿ ಮೂರು ದಿನ ಒಲೆ ಹಚ್ಚಿರಲಿಲ್ಲ. ಕೊನೆಗೆ ಬಸವ ತಾಯಿಯ ತಲೆ ಮುಟ್ಟಿ ಆಣೆ ಮಾಡಿದ್ದ, ಒಂದು ಹನಿಯನ್ನೂ ಗಂಟಲಿಗೆ ಇಳಿಸುವುದಿಲ್ಲ ಎಂದು.

"ಮಗಾ ಸುಳ್ಳಾಣಿ ಮಾಡ್ಯಾನಂತ ನಮ್ಮತ್ತಿ ಮಣ್ಣಿಗೇ ಬರಲಿಲ್ರಿ. ಹೆತ್ತಾಕಿ ಒಂದು ಹಿಡಿ ಮಣ್ಣ ಸೈತ ಹಾಕಲಿಲ್ಲ. ನನಗ ಪರಿಹಾರ ಬ್ಯಾಡ, ಏನೂ ಬ್ಯಾಡ. ಆ ಕುಡುಕ ಅನ್ನೋ ಮಾತು ತಗೀರಿ." ಮತ್ತೆ ಹೇಳಿದಳು: "ಇನ್ನೊಂದು. ಅವಾ ದೀಪ ಇಳಸದ ಒಳಗ ಇಳಿಯವಾ ಅಲ್ರಿ. ಹಗೇವಿನಾಗ ಇಳಿದ ಮನಿತನ ನಮ್ಮದು."

ಹಗೇವೆಂದರೆ ನೆಲದಡಿಯ ಜೋಳದ ಕಣಜ. ತಿಂಗಳುಗಟ್ಟಲೆ ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ಉರಿದರೆ ಇಳಿಯಬೇಕು, ಆರಿದರೆ ದೇವರೇ ಕರೆದರೂ ಇಳಿಯಬಾರದು. ಸುರಪುರದಲ್ಲಿ ಬೆಳೆದ ಅರ್ಜುಮಂದಳಿಗೆ ಅಜ್ಜಿ ಅನ್ವರಬಿ ಇದನ್ನೆಲ್ಲ ಹೇಳಿದ್ದಳು.

ಮಧ್ಯಾಹ್ನ ಸ್ಥಳ ಪಂಚನಾಮೆಗೆ ಹೋದರು. ಬ್ರೂವರಿ ದೊಡ್ಡದಲ್ಲ. ಒಂದು ಶೆಡ್ಡಿನಲ್ಲಿ ಒದ್ದೆ ಗೋಣಿಯ ಮೇಲೆ ಜೋಳ ಮೊಳಕೆ ಒಡೆಯುತ್ತಿತ್ತು. ಆಚೆ ಅದನ್ನು ಒಣಗಿಸಿ, ನುಚ್ಚು ಮಾಡಿ, ಬಾರ್ಲಿಯೊಂದಿಗೆ ಕುದಿಸುವ ಹಂಡೆ. ಅದರಾಚೆ ಹುದುಗು ಬರಿಸುವ ಉಕ್ಕಿನ ಟಾಕಿಗಳು, ಎಲ್ಲ ಸೆಕೆಂಡ್ ಹ್ಯಾಂಡ್. ಹುದುಗಿನಿಂದ ಏಳುವ ಕೆಟ್ಟ ಗಾಳಿ, ಹಗೇವಿನಲ್ಲಿಯಂತೆಯೇ, ಬಸಿದ ಟಾಕಿಯೊಳಗೂ ನಿಂತಿರುತ್ತದೆ. ತಾನೇ ತೊಳೆದುಕೊಳ್ಳುವ ಯಂತ್ರ ಕೆಟ್ಟಿದ್ದರಿಂದ ಮೇಲಿನ ಬಾಗಿಲಿನಿಂದ ಮನುಷ್ಯನೇ ಇಳಿದು ತಿಕ್ಕಬೇಕು. ಗೋಡೆಯ ಮೇಲೆ ಗಾಳಿ ಪರೀಕ್ಷಿಸುವ ಮೀಟರು ತೂಗುತ್ತಿತ್ತು. ಅದರಲ್ಲಿ ಸೆಲ್ ಇರಲಿಲ್ಲ. ತಪಾಸಣೆಯವರಿಗೆ ತೋರಿಸಲಿಕ್ಕೆ ಇಟ್ಟದ್ದು, ಬಡವರ ಜೀವಕ್ಕೆ ಅಷ್ಟೇ ಬೆಲೆ.

ಮಾಲೀಕ ಸಂಗಣ್ಣ ಹೆಣ ಎತ್ತಿದ ಮನೆಯಲ್ಲೂ ತನ್ನ ಸರಕು ಹೊಗಳುವ ಜಾತಿಯವನು. ಎರಡು ಗ್ಲಾಸು ತಂದಿಟ್ಟ. "ಕುಡೀಬ್ಯಾಡ್ರಿ ಮೇಡಂ, ಬರೀ ಮೂಸಿ ನೋಡ್ರಿ."

ಅರ್ಜುಮಂದಳಿಗೆ ಮನಸ್ಸಿರಲಿಲ್ಲ. ಆದರೂ ಮೂಸಿದಳು. ಮೊದಲನೆಯದರಲ್ಲಿ ಆಗತಾನೆ ಬೀಸಿದ ಜೋಳದ ಹಿಟ್ಟಿನ ವಾಸನೆಯಿತ್ತು. ಎರಡನೆಯದು ಕಿತ್ತಳೆ ಸಿಪ್ಪೆ ಹಿಂಡಿದಂತೆ ಮೂಗಿಗೆ ಹೊಡೆಯಿತು.

"ಇದರ ವಾಸನಿ ಯಾಕ ಇಷ್ಟು ಕಹಿ?"

"ಹಾಪ್ಸ್ ಹೂವಿಂದರಿ, ಪರದೇಶದ್ದು. ಟಾಕಿ ನೋಡ್ಕೊಳ್ಳೋ ಸಂಜು ತಾನ ಹೊಂದಿಸಿ ಮಾಡಿದ ಬಿಯರು. ನಾಕನೇ ಟಾಕಿ. ಬೀಗದ ಕೈ ಅವನ ಕಡೆನ ಐತಿ."

"ಮಾರ್ತೀರಿ?"

"ಎಲ್ಲಿದ್ರಿ! ಬಸವ ಬ್ಯಾಡಂದ. ಅವಾ ಹೂಂ ಅಂದ್ರ ಬಾಟಲಿಗೆ, ಊಹೂಂ ಅಂದ್ರ ಗಟಾರಕ್ಕ. ಚೆಲ್ಲೋದಿತ್ತು, ಈ ಗದ್ದಲದಾಗ ಉಳದೈತಿ."

"ಅಂಥವನ್ನ ಕುಡುಕ ಅಂತ ಹೇಳಿಕೆ ಕೊಟ್ರಿ?"

ಸಂಗಣ್ಣ ಕತ್ತು ತುರಿಸಿಕೊಂಡ. "ಅಂಗಿ ತೊಯ್ದು ವಾಸನಿ ಹೊಡೀತಿತ್ತರಿ. ಕದ್ದು ಕುಡೀತಿದ್ದ ಅಂತ ಸಂಜು ಅಂದ."

ಬಸವ ಇಳಿದದ್ದು ಎರಡನೇ ಟಾಕಿಗೆ. ಅದರಲ್ಲಿದ್ದದ್ದು ಜೋಳದ ಬಿಯರು, ಅದನ್ನೂ ಹಿಂದಿನ ಸಂಜೆಯೇ ಬಸಿದು ನೀರು ಹೊಡೆದಿದ್ದರು.

ಸಂಜುಕುಮಾರ ಟಾಕಿಗಳ ಮೇಲ್ವಿಚಾರಕ. ಸಣಕಲು ಆಳು, ಮಾತು ಮೆತ್ತಗೆ.

"ದೀಪ ಇಳಿಸಿದ್ದು ಯಾರು?"

"ನಾನರಿ. ದಿನಾ ನಾನ ಇಳಸ್ತೀನಿ."

"ಉರೀತಾ?"

"ಉರೀತರಿ."

"ಆಮ್ಯಾಲ?"

"ಇಳದ. ಕುಡದಿದ್ದ, ಬಿದ್ದ. ಹಗ್ಗ ಹಿಡಿದು ಎಳದ್ವಿ."

ಸಂಜೆ ಠಾಣೆಗೆ ಮರಳಿ, ಜಪ್ತಿ ಮಾಡಿದ್ದ ಬಸವನ ಅಂಗಿಯ ಲಕೋಟೆಯನ್ನು ಪಂಚರ ಮುಂದೆ ಬಿಚ್ಚಿಸಿದಳು. ಒದ್ದೆ ಅಂಗಿಯನ್ನು ಹಾಗೇ ತುರುಕಿದ್ದರು. ಆ ಬೇಜವಾಬ್ದಾರಿಯೇ ಉಪಕಾರಕ್ಕೆ ಬಂತು. ಲಕೋಟೆಯ ಬಾಯಿ ತೆರೆದದ್ದೇ ತಡ, ಕಿತ್ತಳೆ ಸಿಪ್ಪೆಯ ಕಹಿ ಕೋಣೆಗೆಲ್ಲ ಹಬ್ಬಿತು.

"ಯಾ ಅಲ್ಲಾ!" ಎಂದಳು ಅರ್ಜುಮಂದ. "ಜೋಳದ ಟಾಕ್ಯಾಗ ಇಳದವನ ಮೈಮ್ಯಾಲ ನಾಕನೇ ಟಾಕಿ ಬಿಯರು ಹೆಂಗ ಬಂತು ವಿಶ್ವರಾಧ್ಯ ಅವರ?"

"ಬಂದಿಲ್ರಿ ಮೇಡಂ. ತಂದಾರ."

ಅಂಗಿಯನ್ನು ಮತ್ತೆ ಮೊಹರು ಮಾಡಿ, ಬಸವನ ರಕ್ತದ ಮಾದರಿಯ ಜೊತೆ ಕಲಬುರಗಿಯ ಪ್ರಯೋಗಾಲಯಕ್ಕೆ ಕಳಿಸಿದರು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಫೋನಿನಲ್ಲಿ ಹೇಳಿದರು: ಉಸಿರು ಕಟ್ಟಿ ಸಾವು, ಹೊಟ್ಟೆಯಲ್ಲಿ ಮಂಡಕ್ಕಿಯ ಸುಸಲಾ ಬಿಟ್ಟರೆ ಏನೂ ಇಲ್ಲ.

ಮರುದಿನ ಬಾಟಲಿ ವಿಭಾಗದ ಚಾಂದಪಾಶಾನನ್ನು ಕರೆಸಿದಳು. ಬಸವನನ್ನು ಎಳೆಯಲು ಸಂಜುವಿನ ಜೊತೆ ಕೈ ಹಾಕಿದವನು ಅವನೊಬ್ಬನೇ.

"ಹಗ್ಗ ಹಿಡಿದು ಎಳದಾಗ ಅಂಗಿ ತೊಯ್ದಿತ್ತಾ?"

"ಇಲ್ರಿ. ಎದಿಗೆ ಕಿವಿ ಹಚ್ಚಿ ನೋಡೀನಿ. ಒಣಾ ಇತ್ತು."

"ಆಮ್ಯಾಲ?"

"ಆಂಬುಲೆನ್ಸಿಗೆ ಫೋನ್ ಮಾಡಾಕ ಹೊರಗ ಓಡೀನ್ರಿ. ಒಳಗ ಸಿಗ್ನಲ್ ಸಿಗಂಗಿಲ್ಲ. ತಿರುಗಿ ಬರೂದ್ರಾಗ ತೊಯ್ದಿತ್ತು."

"ಇದನ್ನ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ರಿ." ಅವನೇ ಮುಂದುವರಿಸಿದ. "ಬಸವ ಕೆಳಗ ನಿಂತು 'ದೀಪ ಐತೇನೋ?' ಅಂತ ಕೂಗಿದ. ಸಂಜು ಮ್ಯಾಲಿಂದ 'ಐತಿ, ಬಾ' ಅಂದ. ಅದೂ ಕೇಳೀನ್ರಿ."

ಉಳಿದದ್ದು ಸಂಜುವಿನ ಆ 'ಐತಿ' ನಿಜವೋ ಸುಳ್ಳೋ ಎಂಬುದೊಂದೇ. ಸತ್ತವನು ಎದ್ದುಬಂದು ಸಾಕ್ಷಿ ಹೇಳುತ್ತಾನೆಯೇ? ಟಾಕಿಯೇ ಹೇಳಲಿ ಎಂದು ಅರ್ಜುಮಂದ ತೀರ್ಮಾನಿಸಿದಳು. ಅಂದು ಸಂಜೆ ಮೂರನೇ ಟಾಕಿಯ ಜೋಳದ ಬಿಯರನ್ನು ಬಸಿದು, ಎರಡನೆಯದರಂತೆಯೇ ನೀರು ಹೊಡೆದು ರಾತ್ರಿಯಿಡೀ ಬಿಡಲು ಸಂಗಣ್ಣನಿಗೆ ಹೇಳಿದಳು. ಬಾಗಿಲಿಗೆ ಠಾಣೆಯ ಮೊಹರು ಬಿತ್ತು.

ಫೆಬ್ರುವರಿ 13, ಬೆಳಿಗ್ಗೆ ಒಂಬತ್ತು. ಮೊಹರು ಒಡೆದು ಬಾಗಿಲು ತೆಗೆದರು. ಕೆಳಗೆ ಇಬ್ಬರು ಪಂಚರು, ಸಂಗಣ್ಣ, ಚಾಂದಪಾಶಾ, ಸಂಜು. ವಿಶ್ವರಾಧ್ಯ ಮೇಲೆ ಕುಳಿತು ಹಗ್ಗಕ್ಕೆ ಕಟ್ಟಿದ ದೀಪ ಹಚ್ಚಿ ಟಾಕಿಯೊಳಗೆ ಬಿಟ್ಟ. ಮೊಣಕೈಯಷ್ಟು ಹಗ್ಗವೂ ಇಳಿದಿರಲಿಲ್ಲ.

"ಆರಿತ್ರಿ ಮೇಡಂ."

ಮತ್ತೊಮ್ಮೆ ಹಚ್ಚಿದ. ಮತ್ತೊಮ್ಮೆ ಆರಿತು. ಅರ್ಜುಮಂದ ಸಂಜುವಿನ ಕಡೆ ತಿರುಗಿದಳು.

"ಅವತ್ತ ಉರೀತಂದೆಲ್ಲಪಾ. ಬಾ, ಉರಿಸಿ ತೋರಸು."

ಸಂಜು ನಿಚ್ಚಣಿಕೆಯ ಎರಡನೇ ಮೆಟ್ಟಿಲಿಗೆ ಕಾಲಿಟ್ಟ, ಮತ್ತೆ ಇಳಿದು ನೆಲದ ಮೇಲೆ ಕುಳಿತ. ಒಂಬತ್ತೂಕಾಲಿಗೆ ಅವನನ್ನು ವಶಕ್ಕೆ ಪಡೆದರು. ದಂಡನೀಯ ನರಹತ್ಯೆ, ಸಾಕ್ಷ್ಯ ತಿರುಚಿದ್ದು ಎಂದು ಎಫ್‌ಐಆರ್ ಆಯಿತು. ಸತ್ತ ಮೀಟರಿನ ಸಲುವಾಗಿ ನಿರ್ಲಕ್ಷ್ಯದ ಆರೋಪದಡಿ ಸಂಗಣ್ಣನ ಹೆಸರೂ ಸೇರಿತು. ಆತ ಆಗಲೇ ವಕೀಲರಿಗೆ ಫೋನ್ ಹಚ್ಚುತ್ತಿದ್ದ.

ವಿಚಾರಣೆಯಲ್ಲಿ ಸಂಜು ಏನನ್ನೂ ಮುಚ್ಚಿಡಲಿಲ್ಲ.

"ಕೊಲ್ಲಬೇಕಂತ ಇದ್ದಿಲ್ರಿ. ತಲಿ ತಿರುಗಿ ಬೀಳ್ತಾನ, ಎಳಕೋತೀನಿ, ಮೈಮ್ಯಾಲ ಬಿಯರ್ ಹಾಕ್ತೀನಿ, ಕುಡುದು ಬಿದ್ದಾನಂತಾರ ಅಂದ್ಕೊಂಡಿದ್ದೆ. ಕುಡುಕನ ನಾಲಿಗಿ ಯಾರ್ ನಂಬ್ತಾರ್ರಿ? ನನ್ನ ಬಿಯರು ಉಳೀತಿತ್ತು. ಅವಾ ಒಂದ ಉಸುರಿಗೆ ಹೋಗಿಬಿಟ್ಟ."

"ಸತ್ತಾನಂತ ಗೊತ್ತಾದ ಮ್ಯಾಲೂ ಬಿಯರ್ ಹಾಕಿದಿ?"

"ಮಗ್ಗು ತುಂಬಿ ಇಟ್ಟಿದ್ದೆನ್ರಿ," ಎಂದ, ಅದೇ ಉತ್ತರವೆಂಬಂತೆ.

"ಅಷ್ಟು ಸಿಟ್ಟು ಯಾತಕ್ಕೋ?"

"ಎರಡು ವರ್ಷ ಮಾಡೀನ್ರಿ ಅದನ್ನ. ಎಷ್ಟು ಸಲ ಕೆಟ್ಟಿತು, ಎಷ್ಟು ಸಲ ಚೆಲ್ಲೀನಿ. ಎಲ್ಲಾ ಬಿಯರನ್ನೂ ಅವಾ ಉಗುಳ್ತಿದ್ದ, ಅದಕ್ಕೇನಿಲ್ಲ. ಉಗುಳಿ, ಹಿಂಗೈತಿ ಹಂಗೈತಿ ಅಂತ ಒಂದು ಮಾತಾಡ್ತಿದ್ದ. ನಂದು ಉಗುಳಿ, ಮಾತಾಡಲಿಲ್ಲ. ಎಲ್ಲಾರ ಮುಂದ ನೀರು ತೊಗೊಂಡು ಬಾಯಿ ಮುಕ್ಕಳಿಸಿದ."

ಅರ್ಜುಮಂದ ಬರೆದುಕೊಂಡಳು. ಹೊಟ್ಟೆಕಿಚ್ಚು ಎಂದು ಬರೆದರೆ ನ್ಯಾಯಾಲಯಕ್ಕೆ ಸಾಕು. ಆದರೆ ಅವಳಿಗೆ ಆ ಹುಡುಗನ ಮೇಲೆ ಮರುಕವೂ ಬಂತು, ಮರುಕ ಬಂದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ಮಾರ್ಚ್ ಮೊದಲ ವಾರ ಪ್ರಯೋಗಾಲಯದ ವರದಿ ಕೈಸೇರಿತು. ಬಸವನ ರಕ್ತದಲ್ಲಿ ಮದ್ಯದ ಅಂಶ ಇರಲಿಲ್ಲ. ಪ್ರತಿಯನ್ನು ಅಂಚೆಗೆ ಹಾಕಬಹುದಿತ್ತು. ಅರ್ಜುಮಂದ ತಾನೇ ದೇವಾಪುರಕ್ಕೆ ಹೋದಳು. ಗುರುದೇವಿ ಬಾಗಿಲಲ್ಲೇ ಕೇಳಿಸಿಕೊಂಡು, "ಒಳಗ ಬಂದು ಆಕಿಗಿ ಹೇಳ್ರಿ," ಎಂದಳು.

ಪಾರ್ವತಿಬಾಯಿ ಮೊರದಲ್ಲಿ ಜೋಳ ಕೇರುತ್ತಿದ್ದಳು. ಅರ್ಜುಮಂದ ನೆಲದ ಮೇಲೆ ಕುಳಿತು ಮೊದಲಿಂದ ಕೊನೆಯವರೆಗೆ ಹೇಳಿದಳು. "ಅವ್ವಾ, ನಿನ್ನ ಮಗಾ ಒಂದು ಹನಿ ಕುಡದಿದ್ದಿಲ್ಲ. ಆಣಿ ಮುರದಿದ್ದಿಲ್ಲ."

ಮುದುಕಿ ಮೊರ ಕೆಳಗಿಟ್ಟಳು. "ದೀಪ ಉರಿತೈತಿ ಅಂತ ಆ ಹುಡುಗ ಅಂದನೇನು? ಇವಾ ನಂಬಿದನೇನು?"

"ಹೌದವ್ವಾ."

"ಹಾದಿ ಮ್ಯಾಲಿನವನ ಮಾತು ಅವಾ ನಂಬಿದ. ಮಗನ ಮಾತು, ಹಡದಾಕಿ ನಾ ನಂಬಲಿಲ್ಲ." ಸೊಸೆಯ ಕಡೆ ತಿರುಗಿದಳು. "ಗುರುದೇವಿ, ಎಲ್ಲಿ ಇಟ್ಟೀರಿ ಅವನ್ನ? ನನಗ ಜಾಗಾನೂ ಗೊತ್ತಿಲ್ಲಲ್ಲವಾ."

ಗುರುದೇವಿ ಅತ್ತೆಯ ಕೈ ಹಿಡಿದು ಎಬ್ಬಿಸಿದಳು. ಇಬ್ಬರೂ ಹೊಲದ ಕಡೆ ನಡೆದರು. ಅರ್ಜುಮಂದ ವರದಿಯ ಪ್ರತಿಯನ್ನು ಗೋಡೆಯ ಗೂಡಿನಲ್ಲಿಟ್ಟು, ಬಾಗಿಲು ಎಳೆದುಕೊಂಡು ಜೀಪು ಹತ್ತಿದಳು.