ಸಿದ್ರಾಮನ ಬಂದೂಕಿಗೊಂದು ಬೀರು

ಪೀಣ್ಯದ ಆ ಶೆಡ್ಡಿನೊಳಗೆ ಬಂದೂಕು ಹೆಗಲಿಗೇರಿಸಿಕೊಂಡ ಗಂಡಸೊಬ್ಬ ಕಾಲಿಟ್ಟಾಗ ವೆಲ್ಡಿಂಗ್ ಕಿಡಿಗಳು ಒಮ್ಮೆಲೇ ನಿಂತುಹೋದವು. ಕೆಲಸದವರು ಒಬ್ಬೊಬ್ಬರಾಗಿ ಅರ್ಧಂಬರ್ಧ ಬಣ್ಣ ಕಂಡ ಬೀರುಗಳ ಹಿಂದೆ ಸರಿದರು. ಮೇಜಿನ ಮುಂದೆ ಕೂತಿದ್ದ ಅಕ್ಕ ಸೌಮ್ಯಾ ಊರುಗೋಲು ಹುಡುಕಿಕೊಂಡು ಎದ್ದವಳು, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎದುರು ನಿಂತವಳು ಕೃಪಾ ಒಬ್ಬಳೇ. ಅಪ್ಪ ತೀರಿಕೊಂಡ ಮೇಲೆ ಬೀರು, ಲಾಕರು ಮಾಡುವ ಈ ಶೆಡ್ಡನ್ನು ಅಕ್ಕತಂಗಿಯರೇ ನಡೆಸುತ್ತಿದ್ದರು. ಪಕ್ಕದ ಶೆಡ್ಡಿನವರ ಜೊತೆ ಲಾರಿ ನಿಲ್ಲಿಸುವ ವಿಷಯಕ್ಕೆ ಬೆಳಿಗ್ಗೆ ತಾನೇ ಜಗಳವಾಗಿತ್ತು. ಹೆದರಿಸುವುದಕ್ಕೆ ಅವರೇ ಇವನನ್ನು ಕಳಿಸಿದ್ದಾರೆ ಅಂದುಕೊಂಡಳು.

"ಅದನ್ನ ಹೊರಗಡೆ ಇಟ್ಬಿಟ್ಟು ಬಂದು ಮಾತಾಡಿ," ಎಂದಳು.

"ಹೊರಗ ಇಡಾಕ ಬರಂಗಿಲ್ರೀ ಮೇಡಮ್. ಇದಕ್ಕೊಂದು ಜಾಗ ಮಾಡಿಸಾಕಂತನ ಬಂದೀನಿ."

ಅವನ ದನಿಯಲ್ಲಿ ಬೆದರಿಕೆಯ ಸುಳಿವೂ ಇರಲಿಲ್ಲ, ಬದಲಿಗೆ ಒಂದು ಬಗೆಯ ಸಂಕೋಚವಿತ್ತು. ಬಂದೂಕನ್ನು ನಿಧಾನವಾಗಿ ಇಳಿಸಿ, ನಡುವೆ ಮಡಿಸಿ, ಎರಡೂ ನಳಿಗೆ ಖಾಲಿಯಿರುವುದನ್ನು ಮೊದಲು ತಾನು ನೋಡಿದ, ಆಮೇಲೆ ಅವಳಿಗೆ ತೋರಿಸಿದ.

ಅವನ ಹೆಸರು ಸಿದ್ರಾಮ, ಊರು ಬಾಗಲಕೋಟೆ ಕಡೆ. ಎಟಿಎಮ್‌ಗಳಿಗೆ ಹಣ ಸಾಗಿಸುವ ವ್ಯಾನಿನಲ್ಲಿ ಗನ್‌ಮ್ಯಾನ್. ಮಾದನಾಯಕನಹಳ್ಳಿಯ ಬಾಡಿಗೆ ರೂಮಿನಲ್ಲಿ ಊರಿನ ಇನ್ನೂ ಮೂವರ ಜೊತೆ ಇದ್ದ. ಲೈಸೆನ್ಸ್ ಇದ್ದವರ ಮನೆಗಳನ್ನೆಲ್ಲ ತಪಾಸಣೆ ಮಾಡುತ್ತಾ ಬಂದ ಸಬ್ ಇನ್ಸ್‌ಪೆಕ್ಟರ್ ಕಾಡಪ್ಪ, ಇವನ ಮಂಚದ ಕೆಳಗೆ ಕೌದಿಯಲ್ಲಿ ಸುತ್ತಿಟ್ಟಿದ್ದ ಬಂದೂಕನ್ನೂ ಪಕ್ಕದಲ್ಲೇ ಇದ್ದ ಕಾಡತೂಸಿನ ಚೀಲವನ್ನೂ ಕಂಡು ಸಿಟ್ಟಾಗಿದ್ದರು. ಬಂದೂಕು ಗೋಡೆಗೆ ಬಿಗಿದ ಉಕ್ಕಿನ ಬೀರುವಿನಲ್ಲಿ ಇರಬೇಕು, ಕಾಡತೂಸಿಗೆ ಬೇರೆ ಬೀಗ, ಎರಡರ ಕೀಲಿಯೂ ಇವನೊಬ್ಬನ ಹತ್ತಿರವೇ. ಮತ್ತೆ ಬಂದು ನೋಡುವಾಗ ಹಾಗಿಲ್ಲದಿದ್ದರೆ ಲೈಸೆನ್ಸ್ ರದ್ದಿಗೆ ಬರೆಯುತ್ತೇನೆ ಎಂದಿದ್ದರು. ಲೈಸೆನ್ಸ್ ಹೋದರೆ ಕೆಲಸವೂ ಹೋದಂತೆಯೇ.

ಆಗೋದಿಲ್ಲ ಅನ್ನುವ ಮಾತು ಕೃಪಾಳ ನಾಲಗೆಯ ತುದಿಗೇ ಬಂದಿತ್ತು. ಒಳಕೋಣೆಯ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದಳು. ಕೌದಿಯೊಳಗಿನ ಬಂದೂಕಿಗಿಂತ ಬೀಗದೊಳಗಿನ ಬಂದೂಕು ಎಷ್ಟೋ ವಾಸಿ ಅನ್ನಿಸಿತು. ಆದರೆ ಅದನ್ನು ತಾನು ಮುಟ್ಟುವುದಿಲ್ಲ ಎಂದಳು. ಅಳತೆಯನ್ನು ಅವನೇ ಹಿಡಿಯಬೇಕಾಯಿತು. ಟೇಪಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಅವನು ತಲೆ ಎತ್ತಿ ನೋಡಿದಾಗ ಅವಳು ಅಂಕಿ ಓದುತ್ತಿದ್ದಳು, ಅವಳು ನೋಡಿದಾಗ ಅವನು ಓದುತ್ತಿದ್ದ. ಬರೆದುಕೊಂಡ ಅಳತೆ ತಪ್ಪಾಗಿ, ಮತ್ತೊಮ್ಮೆ ಹಿಡಿಯಬೇಕಾಯಿತು.

ಆಮೇಲೆ ಅವನು ಕೆಲಸ ಎಲ್ಲಿಗೆ ಬಂತೆಂದು ನೋಡಲು ಬರತೊಡಗಿದ. ಬಂದೂಕು ತರಬೇಡಿ ಎಂದಿದ್ದಕ್ಕೆ ಬಿಡುವಿನ ದಿನಗಳಲ್ಲೇ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬರುತ್ತಿದ್ದ. ಹಾಗೆ ಬಂದಾಗ ಸೌಮ್ಯಾ ಅವನ ಜೊತೆ ಚೆನ್ನಾಗಿಯೇ ಮಾತಾಡುತ್ತಿದ್ದಳು, ಊರಿನ ರೊಟ್ಟಿ ತಂದುಕೊಡಿ ಎಂದು ರೇಗಿಸುತ್ತಿದ್ದಳು. ಒಂದು ದಿನ ಕೃಪಾ ಬಣ್ಣದ ವಿಷಯ ಕೇಳಿದಾಗ, ಬೂದಿ ಬಣ್ಣ ಬೇಡ, ನವಿಲುನೀಲಿ ಹಚ್ಚಿ ಎಂದ.

"ಬಂದೂಕಿಗೇನು ಬಣ್ಣ ಗೊತ್ತಾಗುತ್ತಾ?" ಎಂದು ಅವಳು ನಕ್ಕಳು.

"ದಿನಾ ನೋಡಾಂವ ನಾನಲ್ಲೇನ್ರಿ? ನಿಮ್ಮ ಓಢಣಿ ಬಣ್ಣ ಇರ್ಲಿ."

ಕೃಪಾ ಬಗ್ಗಿ, ಅದಾಗಲೇ ಬಿಗಿಯಾಗಿದ್ದ ತಿರುಪನ್ನು ಮತ್ತಷ್ಟು ಬಿಗಿ ಮಾಡಿದಳು.

ಬೀರು ಕೂರಿಸಲು ಅವಳೇ ಡ್ರಿಲ್ ಹಿಡಿದು ಮಾದನಾಯಕನಹಳ್ಳಿಗೆ ಹೋದಳು. ಗೋಡೆ ಕೊರೆಯಲು ಬಿಡುವುದೇ ಇಲ್ಲ ಎಂದು ಮನೆಯೊಡತಿ ಅಮ್ಮಣ್ಣಿ ಬಾಗಿಲಲ್ಲೇ ನಿಂತರು. ಕೃಪಾ ವಾದ ಮಾಡಲಿಲ್ಲ. ಅಂಗಳದಲ್ಲಿ ಆಡುತ್ತಿದ್ದ ಅವರ ಮೊಮ್ಮಕ್ಕಳನ್ನು ತೋರಿಸಿ, ಇವರು ಈ ರೂಮಿಗೆ ಬಂದುಹೋಗಿ ಮಾಡುತ್ತಾರಾ ಎಂದಷ್ಟೇ ಕೇಳಿದಳು. ಅಮ್ಮಣ್ಣಿ ಬಾಗಿಲು ಬಿಟ್ಟು ಒಳಗೆ ಬಂದು, ವೈರಿಂಗ್ ಎಲ್ಲಿ ಹೋಗಿದೆ ಎಂದು ತಾವೇ ಬೆರಳಿಟ್ಟು ತೋರಿಸಿದರು.

ಕೆಲಸ ಮುಗಿದ ಮೇಲೆ ತುಮಕೂರು ರಸ್ತೆಯ ಅಂಗಡಿಯೊಂದರಲ್ಲಿ ಚಹಾ ಕುಡಿಯುವಾಗ ಸಿದ್ರಾಮ ಲೋಟವನ್ನೇ ನೋಡುತ್ತಾ ಹೇಳಿದ, "ಬೀರು ಅಂತೂ ಆತು. ಇನ್ನ ನಾ ಯಾವ ನೆವಾ ಮಾಡ್ಕೊಂಡು ಬರ್ಲಿ?"

ಕೃಪಾಳಿಗೆ ಎದೆ ತುಂಬಿ ಬಂತು. ನೆವ ಯಾಕೆ, ಸುಮ್ಮನೆ ಬನ್ನಿ ಅನ್ನಬೇಕೆನಿಸಿತು. ಆದರೆ ಅಕ್ಕನ ವಿಷಯ ಮುಚ್ಚಿಟ್ಟು ಆ ಮಾತು ಹೇಳುವುದು ಅವಳಿಂದಾಗಲಿಲ್ಲ. ಅದನ್ನೇ ಮೊದಲು ಹೇಳಿದಳು. ಸರ್ಜಾಪುರದಲ್ಲಿ ದೊಡ್ಡಪ್ಪ ಹಂದಿ ಓಡಿಸಲು ಬಂದೂಕು ಇಟ್ಟುಕೊಂಡಿದ್ದರು. ಅದು ಸದಾ ಬಾಗಿಲ ಸಂದಿಯಲ್ಲಿ ಒರಗಿಕೊಂಡಿರುತ್ತಿತ್ತು. ರಜೆಗೆ ಹೋಗಿದ್ದ ಸೌಮ್ಯಾ ಕಸ ಗುಡಿಸುವಾಗ ಅದನ್ನು ಪಕ್ಕಕ್ಕೆ ಸರಿಸಿದ್ದಳು, ಅಷ್ಟೇ. ಗುಂಡು ಹಾರಿ ಕಾಲಿಗೆ ತಗುಲಿತು, ಮಂಡಿಯಿಂದ ಕೆಳಗೆ ಆ ಕಾಲು ಮತ್ತೆ ಸರಿಹೋಗಲೇ ಇಲ್ಲ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಮೇಲೆ ಅಕ್ಕನನ್ನು ಬಿಟ್ಟು ತಾನು ಎಲ್ಲಿಗೂ ಹೋಗುವವಳಲ್ಲ, ಬಂದೂಕಿರುವ ಮನೆಗೆ ಅಕ್ಕನನ್ನು ಕರೆದೊಯ್ಯುವುದೂ ತನ್ನಿಂದಾಗದು ಎಂದಳು.

ಸಿದ್ರಾಮ ಲೋಟವನ್ನು ಕೆಳಗಿಟ್ಟ. "ಮೊದಲನೇ ದಿನ ಅವ್ರ ಮುಂದ ಅದನ್ನ ಹೊತಗೊಂಡು ನಿಂತಿದ್ನಲ್ರಿ," ಎಂದ. ಅವತ್ತಿನಿಂದ ಶೆಡ್ಡಿನ ಕಡೆ ಬರುವುದನ್ನೇ ಬಿಟ್ಟ.

ಒಂದು ಸಂಜೆ ಕೃಪಾಳ ಫೋನಿಗೆ ಮೆಸೇಜ್ ಬಂತು. ಕಾಡಪ್ಪ ಸಾಹೇಬರು ಬಂದು ನೋಡಿ ಒಪ್ಪಿದರು, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದಷ್ಟೇ ಇತ್ತು. ಅದನ್ನೇ ಓದುತ್ತಾ ಓದುತ್ತಾ ಅವಳು ಬೀರುವೊಂದರ ಬಾಗಿಲಿಗೆ ತಲೆಕೆಳಗಾಗಿ ಹಿಡಿಕೆ ಕೂರಿಸಿದಳು. ಸೌಮ್ಯಾ ಹಿಡಿಕೆಯನ್ನು ನೋಡಿದಳು, ಆಮೇಲೆ ತಂಗಿಯ ಮುಖ ನೋಡಿದಳು, ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಬಾಯಿಬಿಡಿಸಿದಳು.

ಆ ಭಾನುವಾರ ಬೆಳಿಗ್ಗೆ ಸೌಮ್ಯಾಳೇ ಆಟೋ ತರಿಸಿದಳು. ಆ ಬೀರು ನೋಡಬೇಕು ನಡಿ ಎಂದಳು. ಕೃಪಾ ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಸಿದ್ರಾಮ ಇಬ್ಬರನ್ನೂ ಬಾಗಿಲಲ್ಲಿ ಕಂಡು ಗಲಿಬಿಲಿಗೊಂಡ. ಬಂದೂಕು ತೋರಿಸಿ ಎಂದು ಸೌಮ್ಯಾ ಕೇಳಿದಾಗ ಕೃಪಾಳ ಕಡೆ ನೋಡಿದ. ಅವಳ ಮುಖ ಬಿಳಿಚಿಕೊಂಡಿತ್ತು. ರೂಮಿನವರನ್ನು ಹೊರಗೆ ಕಳಿಸಿ, ಸೊಂಟದ ಕೀಲಿಯಿಂದ ನೀಲಿ ಬೀರು ತೆಗೆದ. ಬಂದೂಕನ್ನು ನೆಲದ ಕಡೆ ಹಿಡಿದು, ಮಡಿಸಿ, ಒಳಗೆ ಇಣುಕಿ ನೋಡಿ, ಬೆರಳು ಹಾಕಿ ಮುಟ್ಟಿ, ಆಮೇಲೆ ಮುಂದೆ ಚಾಚಿದ. ಸೌಮ್ಯಾ ಊರುಗೋಲನ್ನು ಗೋಡೆಗೆ ಒರಗಿಸಿದಳು. ತನ್ನ ಬೆರಳನ್ನೂ ಖಾಲಿ ನಳಿಗೆಯೊಳಗೆ ಹಾಕಿ ನೋಡಿದಳು. ಕೃಪಾ ಅಕ್ಕನ ಭುಜ ಹಿಡಿದು ನಿಂತಳು.

"ಖಾಲಿ ಇದೆ ಅಂದ್ಕೊಂಡಿದ್ದೆ ಅಂತ ದೊಡ್ಡಪ್ಪ ಇವತ್ತಿಗೂ ಹೇಳ್ತಾರೆ," ಎಂದಳು ಸೌಮ್ಯಾ. "ನೀವು ಅಂದ್ಕೊಳ್ಳಲ್ಲ. ನೋಡ್ತೀರ."

ಅವನು ಬಂದೂಕನ್ನು ಒಳಗಿಟ್ಟು ಬೀಗ ಹಾಕಿ, ಎಳೆದು ನೋಡಿದ. ಅವಳು ಮಂಚದ ಮೇಲೆ ಕೂತು ಉಸಿರು ಸುಧಾರಿಸಿಕೊಂಡಳು. ಆಮೇಲೆ ಅಂಗಡಿಯಲ್ಲಿ ಗಿರಾಕಿಯನ್ನು ಕೇಳುವ ದನಿಯಲ್ಲೇ ಕೇಳಿದಳು, "ಮದುವೆ ಆದ್ಮೇಲೆ ಇದನ್ನ ಎಲ್ಲಿ ಕೂರಿಸ್ತೀರ?"

ಕೃಪಾ ಅಕ್ಕನ ಭುಜದ ಮೇಲಿನ ಕೈ ತೆಗೆಯುವುದನ್ನೂ ಮರೆತಳು. ಸಿದ್ರಾಮನ ಕಿವಿ ಕೆಂಪಾಯಿತು. ಏನಾದರೂ ಹೇಳಲೇಬೇಕಲ್ಲ ಎಂದು, ರೂಮು ಬದಲಾಯಿಸಿದರೆ ಮೊದಲು ಠಾಣೆಗೆ ತಿಳಿಸಬೇಕು, ಹೊಸ ಮನೆಯನ್ನೂ ಸಾಹೇಬರು ಬಂದು ನೋಡುತ್ತಾರೆ ಎಂದು ತಡವರಿಸಿದ. ತಿಳಿಸಿದರಾಯಿತು ಎಂದಳು ಸೌಮ್ಯಾ.

ಅವನು ಕೃಪಾಳ ಕಡೆ ತಿರುಗಿದ. ಈ ಸಲ ಇಬ್ಬರಿಗೂ ಓದುವುದಕ್ಕೆ ಟೇಪಿನ ಅಂಕಿಗಳಿರಲಿಲ್ಲ.

"ಹೊಸಾ ವಿಳಾಸ ಏನಂತ ಹೇಳ್ಲಿ?" ಎಂದು ಮೆಲ್ಲಗೆ ಕೇಳಿದ.

ಕೃಪಾಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು ನಿಲ್ಲುತ್ತಿರಲಿಲ್ಲ.

"ಚಿಕ್ಕಬಾಣಾವರ," ಎಂದಳು. "ರೈಲ್ವೆ ಸ್ಟೇಷನ್ ಹಿಂದಿನ ರಸ್ತೆ, ನಮ್ಮನೆ."