ಹತ್ತು ಗಂಟೆಯ ದನಿ

"ಊಟ ಸರಿಯಾಗಿ ಮಾಡ್ತಿದ್ದೀಯಾ?"

ಹೆಡ್‌ಫೋನಿನಲ್ಲಿ ಹೆಣ್ಣುದನಿ ಕೇಳಿ ಹೊಸ ನಿರೂಪಕ ಬೆರಗಾದ. ರೇಡಿಯೋ ಸ್ಟೇಷನ್ನಿನಲ್ಲಿ ಅವನಿಗದು ಮೊದಲ ದಿನ. ಇಷ್ಟು ಅಕ್ಕರೆಯಿಂದ ವಿಚಾರಿಸುವವರು ಯಾರು?

"ಹೋಟೆಲ್ ಊಟ. ಉಪ್ಪು ಸ್ವಲ್ಪ ಜಾಸ್ತಿ" ಎಂದ.

ಗಾಜಿನ ಆಚೆ ಕೂತಿದ್ದ ಸೌಂಡ್ ಇಂಜಿನಿಯರ್ ಬೆಚ್ಚಿ ತಲೆಯೆತ್ತಿದಳು. ಅವಳ ಬೆರಳು ಅರಿವಿಲ್ಲದೆ ಮೈಕಿನ ಗುಂಡಿ ಒತ್ತಿಬಿಟ್ಟಿತ್ತು.

"ನಿಮಗಲ್ಲ ಕೇಳಿದ್ದು."

"ಮತ್ಯಾರಿಗೆ?"

ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಗುಂಡಿಯಿಂದ ಬೆರಳು ತೆಗೆದಳು. ಗಡಿಯಾರ ಬೆಳಗಿನ ಹತ್ತು ತೋರಿಸಿತು. ರೇಡಿಯೋದಲ್ಲಿ ಒಬ್ಬ ಗಂಡಸಿನ ಬೆಚ್ಚನೆಯ ದನಿ ಹೊರಟಿತು: "ನಮಸ್ಕಾರ. ನಾನಿದ್ದೀನಿ, ನೀವು ಹೇಳಿ."

ಆ ದನಿ ಅವಳ ಗಂಡನದು. ಊರೆಲ್ಲ ಅವನನ್ನು ಮಾತಣ್ಣ ಎಂದೇ ಕರೆಯುತ್ತಿತ್ತು. ಹನ್ನೊಂದು ವರ್ಷ ಅದೇ ಕುರ್ಚಿಯಲ್ಲಿ ಕೂತು, ನಲ್ಲಿ ನೀರಿನಿಂದ ಹಿಡಿದು ಗಂಡ ಹೆಂಡಿರ ಜಗಳದವರೆಗೆ ಜನರ ಫೋನಿಗೆಲ್ಲ ಕಿವಿಗೊಟ್ಟವನು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಸ್ಟೇಷನ್ನಿನ ಮೆಟ್ಟಿಲಿನ ಮೇಲೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ರೆಕಾರ್ಡಾಗಿದ್ದ ಅವನ ನಮಸ್ಕಾರವನ್ನು ಅವಳು ಈಗಲೂ ದಿನಾ ಹತ್ತಕ್ಕೆ ಹಾಕುತ್ತಿದ್ದಳು, ಅದಕ್ಕೂ ಮೊದಲು ಅವನೊಡನೆ ಒಂದೆರಡು ಮಾತಾಡುತ್ತಿದ್ದಳು.

ಆಮೇಲೆ ಆ ಕುರ್ಚಿಗೆ ಒಬ್ಬ ವಕೀಲ ಬಂದ; ಕಾನೂನು ಸಲಹೆ ಶುರುವಾಯಿತು. ಅವನು ಹೋದ ಮೇಲೆ ಡಾಕ್ಟರಮ್ಮ ಬಂದಳು, ಆರೋಗ್ಯದ ಮಾತಾಯಿತು. ನಂತರ ಒಬ್ಬ ಹಾಸ್ಯಗಾರ. ಯಾರೇ ಬರಲಿ, ಫೋನ್ ಮಾಡಿದವರದು ಒಂದೇ ರಾಗ: "ಮಾತಣ್ಣ ಇದ್ದಿದ್ರೆ ಹೀಗನ್ನುತ್ತಿರಲಿಲ್ಲ."

"ಸತ್ತವರ ಜೊತೆ ಪೈಪೋಟಿ ಮಾಡೋಕಾಗುತ್ತಾ? ಅವರು ತಪ್ಪೇ ಮಾಡಲ್ವಲ್ಲ!" ಎಂದು ಹಾಸ್ಯಗಾರ ನಗದೇ ಹೇಳಿ ಹೊರಟುಹೋಗಿದ್ದ.

ಹತ್ತು ವರ್ಷ ಬೇರೆಡೆ ಸುದ್ದಿ ಓದಿ ಬಂದಿದ್ದ ಈ ಹೊಸಬನನ್ನು ಸ್ಟೇಷನ್ನಿನವರು ನಾಲ್ಕನೆಯವನು ಎನ್ನುತ್ತಿದ್ದರು. ಅವನು ಪೈಪೋಟಿಗೆ ಇಳಿಯಲಿಲ್ಲ. "ಮಾತಣ್ಣ ಆಗಿದ್ರೆ ಏನನ್ನುತ್ತಿದ್ರು ಗೊತ್ತಾ?" ಎಂದು ಯಾರಾದರೂ ಕೆಣಕಿದರೆ, "ಗೊತ್ತಿಲ್ಲ ಸಾರ್, ನೀವೇ ಹೇಳಿ" ಎನ್ನುತ್ತಿದ್ದ. ಜನ ಹೇಳುತ್ತಿದ್ದರು. ಒಬ್ಬ ಟೈಲರ್‌ನ ಹೆಂಡತಿಯ ಹೆರಿಗೆಯ ವೇಳೆ ಮಾತಣ್ಣ ಇಡೀ ದಿನ ಆಸ್ಪತ್ರೆಯಲ್ಲಿ ಕಾದಿದ್ದನಂತೆ. ಗಾಜಿನ ಆಚೆ ಅವಳು ಉಸಿರು ಹಿಡಿದು ಕೇಳಿದಳು. ತನ್ನ ಗಂಡನ ಬಗ್ಗೆ ತನಗೇ ಗೊತ್ತಿರದ ಸಂಗತಿ!

ಹಾಡಿನ ನಡುವೆ ಅವನು ಹುಬ್ಬೇರಿಸಿ 'ಸರಿ ಹೋಯ್ತಾ?' ಎಂದು ಸನ್ನೆ ಮಾಡುತ್ತಿದ್ದ. ಅವಳು ಸುಮ್ಮನೆ ತುಟಿ ಓರೆ ಮಾಡುತ್ತಿದ್ದಳು.

"ನಿಮ್ಮದಿನ್ನೂ ಸುದ್ದಿ ಓದೋ ದನಿ" ಎಂದಳು ಒಂದು ದಿನ. "'ಕಾಫಿ ಬೇಕಾ' ಅಂದ್ರೂ ಎಲ್ಲೋ ಪ್ರವಾಹ ಬಂದ ಸುದ್ದಿ ಓದಿದ ಹಾಗಿರುತ್ತೆ."

ಅವನು ನಕ್ಕ. ನಗುವಾಗ ಎಡಗಣ್ಣು ಮೊದಲು ಕಿರಿದಾಗುತ್ತಿತ್ತು. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಮರುದಿನ ಹತ್ತು ಗಂಟೆಗೆ ಗಂಡನ ದನಿಯನ್ನು ಕೊಂಚ ಏರಿಸಿಯೇ ಬಿಟ್ಟಳು.

ತಿಂಗಳು ಐದಾಗುವಷ್ಟರಲ್ಲಿ ಮ್ಯಾನೇಜರ್ ಇಬ್ಬರನ್ನೂ ಕರೆದ. "ಒಂದನೇ ತಾರೀಕಿಂದ ಹೊಸ ಫಾರ್ಮ್ಯಾಟ್. ಮಾತು ಬಂದ್, ಬರೀ ಹಾಡು. ಆ ಹಳೇ ದನೀನೂ ತೆಗೀರಿ."

ಅವಳ ಮುಖ ಬಿಳಿಚಿತು.

"ಕಾರ್ಯಕ್ರಮ ಬೇಕಾದ್ರೆ ನಿಲ್ಲಿಸಿ ಸಾರ್" ಎಂದ ಅವನು. "ಆ ದನಿ ಯಾವಾಗ ತೆಗೀಬೇಕು ಅನ್ನೋದನ್ನ ಮಾತ್ರ ಇವರಿಗೇ ಬಿಡಿ."

ಹೊರಗೆ ಬಂದಾಗ ಅವಳು ಹೇಳಿದಳು: "ನನಗೋಸ್ಕರ ಅಲ್ಲ, ಅತ್ತೆಗೋಸ್ಕರ. ಹತ್ತು ಗಂಟೆಗೆ ಅಡುಗೆಮನೇಲಿ ರೇಡಿಯೋ ಹಾಕ್ಕೊಂಡು ಕೂತಿರ್ತಾರೆ. ಮಗನ ದನಿ ಕೇಳಿದ ಮೇಲೇ ಅವರಿಗೆ ಮುಂದಿನ ಕೆಲಸ."

"ನಾನೂ ಒಂದು ಮಾತು ಹೇಳೋದಿತ್ತು..."

"ಇಲ್ಲಿ ಹೇಳ್ಬೇಡಿ." ಅವಳು ಸ್ಟುಡಿಯೋದ ಮುಚ್ಚಿದ ಬಾಗಿಲ ಕಡೆ ನೋಡಿದಳು. "ನಮ್ಮವರು ಕೇಳಿಸ್ಕೊಳ್ತಾರೆ ಅನ್ಸುತ್ತೆ."

ಅವನು ಒತ್ತಾಯಿಸಲಿಲ್ಲ.

ಕೊನೆಯ ದಿನ ಫೋನುಗಳ ಸುರಿಮಳೆ. ಹನ್ನೊಂದೂವರೆಗೆ ಒಂದು ಮುದಿದನಿ ಬಂತು. "ನಾನು ಮಾತಣ್ಣನ ತಾಯಿ."

ಗಾಜಿನ ಆಚೆ ಅವಳು ಎದ್ದು ನಿಂತಳು.

"ಹೇಳಿ ಅಮ್ಮ" ಎಂದ ಅವನು.

"ಎರಡು ವರ್ಷದಿಂದ ದಿನಾ ಹತ್ತು ಗಂಟೆಗೆ ಸತ್ತ ಮಗ ನಮಸ್ಕಾರ ಅಂತಾನಪ್ಪ. ದಿನಾ ನನ್ನ ಎದೆ ಒಡೆಯುತ್ತೆ. ಸೊಸೆಗೆ ಅದು ಬೇಕೇನೋ ಅಂತ ಹಲ್ಲು ಕಚ್ಚಿ ಕೇಳಿದೆ. ಸಾಕು, ನನ್ನ ಮಗ ಇನ್ನು ಮಲಗಲಿ." ದನಿ ಒಡೆಯಿತು, ಮತ್ತೆ ಗಟ್ಟಿಯಾಯಿತು. "ಅವಳಲ್ಲೇ ಇದ್ದಾಳಾ?"

"ಇದ್ದಾರೆ."

"ಈಚೀಚೆಗೆ ಮನೇಲಿ ನಿನ್ನ ಮಾತು ಹೇಳಿ ನಗ್ತಾಳೆ. ಆಮೇಲೆ ಕಳ್ಳಿ ಹಾಗೆ ಬಾಯಿ ಮುಚ್ಕೊಳ್ತಾಳೆ. ನಗೋದು ತಪ್ಪಲ್ಲ ಅಂತ ಅವಳಿಗೆ ಹೇಳಪ್ಪ. ನಾನು ಹೇಳಿದ್ರೆ ಅಳ್ತಾಳೆ."

ಅವನು ಗಾಜಿನ ಕಡೆ ತಿರುಗಿದ. ಅವಳು ನೀರು ತುಂಬಿ ಕಣ್ಣು ಕಾಣದೆ, ಕೈಯಂದಾಜಿನಲ್ಲೇ ಒಂದು ಹಾಡು ಹಾಕಿದಳು.

ಹನ್ನೆರಡಕ್ಕೆ ಎಲ್ಲ ಮುಗಿದ ಮೇಲೆ ಕಂಪ್ಯೂಟರಿನ ಪಟ್ಟಿಯಿಂದ ಗಂಡನ ದನಿಯನ್ನು ಅವಳೇ ತೆಗೆದಳು. "ಮಲಗು" ಎಂದಳು ಮೆಲ್ಲಗೆ. ಆಮೇಲೆ ಎಷ್ಟೋ ಹೊತ್ತು ಅತ್ತಳು.

ಬಸ್ ಸ್ಟಾಪಿನಲ್ಲಿ ಅವನು ಒಬ್ಬನೇ ನಿಂತಿದ್ದ. ಅವಳು ಬಂದು ಪಕ್ಕದಲ್ಲಿ ನಿಂತಳು.

"ಮುಂದೆ ಎಲ್ಲಿಗೆ?"

"ಮತ್ತೆ ಸುದ್ದಿ ಓದೋಕೆ. ಇಲ್ಲಿಂದ ಬಸ್ಸಲ್ಲಿ ಒಂದು ಗಂಟೆ ದಾರಿ."

"ನಾನು ಅವರನ್ನ ಮರೆಯಲ್ಲ" ಎಂದಳು ಅವಳು ಥಟ್ಟನೆ. "ನಿಮ್ಮ ಜೊತೆ ಮಾತಾಡ್ತಾ ಅವರ ಹೆಸರು ಬಾಯಿಗೆ ಬಂದುಬಿಡಬಹುದು."

"ಬರಲಿ. ನನಗೂ ಅವರ ಪರಿಚಯ ಆಗಿದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ರಸ್ತೆಯ ಕಡೆ ನೋಡುತ್ತಲೇ, "ಹಾಗಾದ್ರೆ ಆಗಲಿ" ಎಂದಳು.

"ನಾನಿನ್ನೂ ಏನೂ ಕೇಳೇ ಇಲ್ವಲ್ಲ!"

"ಬಸ್ ಬರೋದ್ರೊಳಗೆ ಕೇಳಿ."

ಬಸ್ಸು ದೂರದ ತಿರುವಿನಲ್ಲಿ ಕಾಣಿಸಿಕೊಂಡಿತು. ಅವನು ಕೇಳಿದ.