ಲಾಭವಿದೆ, ಹಣವಿಲ್ಲ

"ಲಾಭ ಇದೆ. ಆದರೆ ಕೈಯಲ್ಲಿ ದುಡ್ಡಿಲ್ಲ."

ಚರಣ್ ಅಷ್ಟು ಹೇಳಿ ನೀರಿನ ಲೋಟ ಎತ್ತಿಕೊಂಡ. ಅಷ್ಟರಲ್ಲೇ ಸಭೆಯಲ್ಲಿದ್ದ ನೇಕಾರರೆಲ್ಲ ದೀಪಶ್ರೀಯ ಕಡೆ ತಿರುಗಿದ್ದರು!

ಕೊಳ್ಳೇಗಾಲದ ಆ ರೇಷ್ಮೆ ನೇಕಾರರ ಸಂಘಕ್ಕೆ ಅವಳು ಮ್ಯಾನೇಜರ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಮಗ್ಗದ ಸದ್ದಿನಲ್ಲೇ ಬೆಳೆದವಳು. ಸೆರಗು ಮುಟ್ಟಿದರೆ ಯಾರ ಮನೆಯ ನೇಯ್ಗೆ ಎಂದು ಹೇಳಬಲ್ಲಳು. ಲೆಕ್ಕಪತ್ರ ಮಾತ್ರ ಕಬ್ಬಿಣದ ಕಡಲೆ. ಅದಕ್ಕೆಂದೇ ಅಧ್ಯಕ್ಷ ಮುದ್ದಯ್ಯ, ಇಂಥ ಸಂಘಗಳ ಮ್ಯಾನೇಜರ್‌ಗಳಿಗೆ ಲೆಕ್ಕ ಕಲಿಸುವ ಯಳಂದೂರಿನ ಚರಣ್‌ನನ್ನು ಕರೆಸಿದ್ದರು.

"ಲಾಭ ಬಂದದೆ ಅಂದ್ರೆ ನಮ್ ಕೂಲಿ ಯಾಕವ್ವ ನಿಂತದೆ?" ಹಿರಿಯ ನೇಕಾರ್ತಿ ಅನಸೂಯಮ್ಮ ಕೇಳಿದರು. "ದುಡ್ಡು ಎಲ್ಲೋಯ್ತು?"

ತನ್ನನ್ನು ಎತ್ತಿ ಆಡಿಸಿದ ಅನಸೂಯಮ್ಮನೇ ಹೀಗೆ ಕೇಳುವುದೇ...! ದೀಪಶ್ರೀ ಕಣ್ಣು ತುಂಬಿಕೊಂಡು ಎದ್ದು ಹೊರಗೆ ನಡೆದಳು.

ಚರಣ್ ಹಿಂದೆಯೇ ಓಡಿಬಂದ. "ಒಂದ್ನಿಮಿಷ..."

"ಕಳ್ಳಿ ಅಂತ ನೇರವಾಗೇ ಹೇಳ್ಬೋದಿತ್ತಲ್ಲ ಸಾರ್!"

ಅವನ ಮುಖ ಬಿಳಿಚಿಕೊಂಡಿತು. ತನ್ನ ಮಾತಿಗೆ ಇಂಥ ಅರ್ಥ ಬರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

"ತಪ್ಪಾಯ್ತು. ಈಗ್ಲೇ ಹೋಗಿ ಎಲ್ಲಾರಿಗೂ ಬಿಡಿಸಿ ಹೇಳ್ತೀನಿ."

'ಇವತ್ತು ಇವರು ಕಾಪಾಡಿದರೆ, ನಾಳೆ ಇನ್ಯಾರು...?' ಎಂದುಕೊಂಡಳು ದೀಪಶ್ರೀ.

"ಬೇಡ. ನಂಗೆ ಅರ್ಥ ಮಾಡ್ಸಿ. ನಾನೇ ಹೇಳ್ತೀನಿ."

ಇಬ್ಬರೂ ಜಗಲಿಯ ಮೇಲೆ ಕುಳಿತರು.

"ಅಂಗಡಿಗೆ ಸೀರೆ ಕೊಟ್ಟು ಬಿಲ್ ಬರೆದ್ರಿ. ಲೆಕ್ಕದಲ್ಲಿ ಆವತ್ತೇ ಲಾಭ ಬಂತು. ಅಂಗಡಿಯವರು ದುಡ್ಡು ಕೊಟ್ರಾ?"

"ಇಲ್ಲ... ಹಬ್ಬ ಕಳೀಲಿ ಅಂದ್ರು."

"ರೇಷ್ಮೆ ನೂಲು ತಂದಾಗ?"

"ಅದಕ್ಕೆ ಆವತ್ತೇ ಕೊಡ್ಬೇಕು..." ಅವಳು ತಟ್ಟನೆ ತಲೆ ಎತ್ತಿದಳು. "ಅಂದ್ರೆ ದುಡ್ಡು ಕಳೆದಿಲ್ಲ! ಅಂಗಡಿಗಳಲ್ಲಿ ನಿಂತದೆ!"

ಮರುಕ್ಷಣವೇ ಮುಖ ಬಾಡಿತು. "ಕೇಳ್ದೋರಿಗೆಲ್ಲ ಸಾಲದ ಮೇಲೆ ಸೀರೆ ಕೊಟ್ಟೋಳು ನಾನೇ. ತಪ್ಪು ನಂದೇ ಅಲ್ವಾ?"

"ಹೌದು," ಅಂದ ಚರಣ್ ಮೆಲ್ಲಗೆ. "ಆದ್ರೆ ಅದು ಕಳ್ತನ ಅಲ್ಲ. ತಿದ್ಕೊಳ್ಳೋ ತಪ್ಪು."

ಸಮಾಧಾನಕ್ಕೆಂದು ಸುಳ್ಳು ಹೇಳದ ಆ ಮಾತು ಅವಳ ಮನಸ್ಸಿಗೆ ನಾಟಿತು.

ಅವಳು ಒಳಗೆ ಹೋಗಿ ಎಲ್ಲರ ಮುಂದೆ ನಿಂತಳು. ಎಲ್ಲವನ್ನೂ ಬಿಡಿಸಿ ಹೇಳಿದಳು, ತನ್ನ ತಪ್ಪನ್ನೂ ಸೇರಿಸಿ.

"ಇಷ್ಟೇಯಾ ಮಗಾ?" ಅನಸೂಯಮ್ಮ ಅವಳ ಕೈ ಹಿಡಿದುಕೊಂಡರು. "ತಿಳೀದೆ ಅಂದ್ಬುಟ್ಟೆ ಕಣವ್ವ."

ಮುಂದೆ ದೀಪಶ್ರೀ ಹಳೆಯ ಬಾಕಿ ಕೇಳುತ್ತ ಅಂಗಡಿಯಿಂದ ಅಂಗಡಿಗೆ ಅಲೆದಳು. ಇನ್ನು ಮೇಲೆ ಅರ್ಧ ಹಣ ಮುಂಗಡ ಕೊಡದಿದ್ದರೆ ಸೀರೆ ಇಲ್ಲವೆಂದಳು. ಹಳೆಯ ಗಿರಾಕಿಗಳು ಕೆಲವರು ಮುನಿಸಿಕೊಂಡು ದೂರವಾದರು. ಉಳಿದವರಿಂದ ಹಣ ಬಂತು, ನಿಂತಿದ್ದ ಕೂಲಿಯೂ ಬಟವಾಡೆಯಾಯಿತು.

ತರಬೇತಿ ಮುಗಿದು ಚರಣ್ ಹೊರಟುಹೋಗಿದ್ದ. ಬಾಗಿಲಲ್ಲಿ ನೆರಳು ಕಂಡರೆ ಸಾಕು, ಅವಳ ಕಣ್ಣು ಅತ್ತಲೇ ಹರಿಯುತ್ತಿತ್ತು. 'ಯಾಕೆ ಹೀಗೆ...?'

ಒಂದು ಮಧ್ಯಾಹ್ನ ಅವನೇ ಬಂದು ನಿಂತ!

"ತರಬೇತಿ ಮುಗೀತಲ್ಲ ಸಾರ್?"

"ಅವತ್ತು ನಿಮ್ ಕಣ್ಣಲ್ಲಿ ನೀರು ತರ್ಸಿದ್ದು ಮರೆಯೋಕ್ಕಾಗ್ತಿಲ್ಲ..."

"ಕ್ಷಮೆ ಕೇಳೋಕ್ಕೆ ಯಳಂದೂರಿಂದ ಬಂದ್ರಾ?"

"ಅಲ್ಲ. ನೀವಂದ್ರೆ ನಂಗಿಷ್ಟ ಅಂತ ಹೇಳೋಕ್ಕೆ." ಅವನು ಒಂದು ಹೆಜ್ಜೆ ಹಿಂದೆ ಸರಿದ. "ಬೇಡ ಅಂದ್ರೆ ಈಗ್ಲೇ ಬಸ್ ಹತ್ತುತೀನಿ."

ಅವಳ ಕೆನ್ನೆ ಕೆಂಪೇರಿತು. "ಅಪ್ಪ ಮನೇಲವ್ರೆ. ಮೊದ್ಲು ಅವರನ್ನ ಕೇಳಿ."

"ಅವರು, ನನ್ ಮಗಳನ್ನೇ ಕೇಳಪ್ಪ ಅಂದ್ರೆ?"

"ಅವಳಾಗ್ಲೇ ಹೂಂ ಅಂದಳು ಅಂತ ಹೇಳಿ!"